ಎಂಬಿಎ ಸೀಟಿಗೂ ಮೊದಲು ಎರಡು ಸುಗ್ಗಿ

ಹಾವೇರಿ ಜಿಲ್ಲೆಯ ಯಾವುದೇ ಕಾಲೇಜಿಗೆ ಹೋಗಿ, ಬಿ.ಕಾಂ. ಕೊನೆಯ ವರ್ಷದವರನ್ನು 'ಮುಂದೇನು?' ಎಂದು ಕೇಳಿ ನೋಡಿ. ಅರ್ಧ ಜನ ಸರ್ಕಾರಿ ನೌಕರಿಯ ಪರೀಕ್ಷೆ ಎನ್ನುತ್ತಾರೆ, ಕೆಲವರು ಬ್ಯಾಂಕ್ ಎನ್ನುತ್ತಾರೆ, ಉಳಿದವರು ಎಂಬಿಎ. ಎಂಬಿಎ ಯಾಕೆ ಎಂದು ಇನ್ನೊಂದು ಪ್ರಶ್ನೆ ಹಾಕಿದರೆ, 'ಬಿ.ಕಾಂ. ಮ್ಯಾಲೆ ಮತ್ತೇನ್ ಮಾಡೋದ್ರೀ?' ಎಂಬ ಮರುಪ್ರಶ್ನೆಯೇ ಉತ್ತರವಾಗಿ ಬರುತ್ತದೆ. ನಾನು ಈಗ ಧಾರವಾಡದಲ್ಲಿ ಎಂಬಿಎ ಎರಡನೇ ವರ್ಷದಲ್ಲಿದ್ದೇನೆ. ಅದಕ್ಕೂ ಮೊದಲು ಎರಡು ವರ್ಷ ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದೆ. ಊರ ಕಡೆ ಹೋದಾಗ ಜೂನಿಯರ್‌ಗಳು ಮೊದಲು ಕೇಳುವುದು ಇದನ್ನೇ: 'ಅಕ್ಕಾ, ಆ ಎರಡು ವರ್ಷ ವೇಸ್ಟ್ ಆತಲ್ಲ?' ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಯಮದ ಮಾತು ಮುಗಿಸಿಬಿಡುತ್ತೇನೆ. ನಮ್ಮ ರಾಜ್ಯದ ಪಿಜಿಸಿಇಟಿ ಬರೆದು ಎಂಬಿಎ ಸೇರಲು ಅನುಭವ ಬೇಕಿಲ್ಲ. ಪದವಿಯಲ್ಲಿ ಶೇ 50 ಅಂಕ (ಮೀಸಲು ವರ್ಗದವರಿಗೆ ಶೇ 45) ಮತ್ತು ರ್‍ಯಾಂಕ್ ಇದ್ದರೆ ಆಯಿತು. ಆದರೆ ಬೆಂಗಳೂರಿನ ಐಐಎಂನಂಥ ಕಡೆ, ಕ್ಯಾಟ್ ಅಂಕದ ಜತೆಗೆ ಪದವಿಯ ನಂತರದ ಪೂರ್ಣಾವಧಿ ಕೆಲಸಕ್ಕೂ ತೂಕವಿದೆ. ಹೈದರಾಬಾದಿನ ಐಎಸ್‌ಬಿಯ ಮುಖ್ಯ ಕೋರ್ಸಿಗೆ ಎರಡು ವರ್ಷದ ಅನುಭವ ಕೇಳುತ್ತಾರೆ. ಬೆಂಗಳೂರು ಐಐಎಂನಲ್ಲೇ ಇರುವ ಒಂದು ವರ್ಷದ ಇಪಿಜಿಪಿಗಾದರೆ ಕನಿಷ್ಠ ಐದು ವರ್ಷ ಬೇಕು. ಅಂದರೆ ದೊಡ್ಡ ಕಡೆ ಅನುಭವಕ್ಕೆ ಬೆಲೆ ಇದೆ, ನಮ್ಮಲ್ಲಿ ಬಹುಪಾಲು ಜನ ಸೇರುವ ಕಡೆ ಇಲ್ಲ. ಹೀಗಿದ್ದ ಮೇಲೆ ಹಾವೇರಿಯ ಹುಡುಗ ಎರಡು ವರ್ಷ ಯಾಕೆ ಕಾಯಬೇಕು ಎಂಬುದು ನ್ಯಾಯವಾದ ಪ್ರಶ್ನೆ.

ನನ್ನ ಉತ್ತರ ಸೀಟಿಗೆ ಸಂಬಂಧಿಸಿದ್ದಲ್ಲ, ತರಗತಿಗೆ ಸಂಬಂಧಿಸಿದ್ದು. ಮೊದಲ ಸೆಮಿಸ್ಟರ್‌ನಲ್ಲಿ 'ವರ್ಕಿಂಗ್ ಕ್ಯಾಪಿಟಲ್' ಪಾಠ ಬಂತು. ಸೂತ್ರ ಬೋರ್ಡಿನ ಮೇಲಿತ್ತು, ನನ್ನ ಅಕ್ಕಪಕ್ಕದವರು ಬರೆದುಕೊಂಡು ಬಾಯಿಪಾಠಕ್ಕೆ ಇಳಿದರು. ಅವರಲ್ಲಿ ಬಹಳ ಮಂದಿ ನನಗಿಂತ ಜಾಣರು, ಪರೀಕ್ಷೆಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದರು ಕೂಡ. ನನಗೆ ನೆನಪಾಗಿದ್ದು ಮಾತ್ರ ನಮ್ಮ ಅಂಗಡಿಯ ಸಾಹುಕಾರರ ಮಾತು: 'ತಂಗೀ, ರೈತಗ ನಾವು ಇವತ್ತ ರೊಕ್ಕ ಕೊಡಬೇಕು. ಖರೀದಿ ಮಾಡಿದಾಂವ ನಮಗ ಹದಿನೈದು ದಿನ ಬಿಟ್ಟು ಕೊಡ್ತಾನ. ನಡುವಿನ ಹದಿನೈದು ದಿನ ಯಾರ ರೊಕ್ಕ? ಅದು ತಿಳೀತಂದ್ರ ದಲಾಲಿ ತಿಳೀತು.' ಅವರು ಎಸ್ಸೆಸ್ಸೆಲ್ಸಿ ಮುಗಿಸಿದವರಲ್ಲ.

ಬ್ಯಾಡಗಿ ಪೇಟೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ಹಾವೇರಿಯಲ್ಲಿ ಓದುವ ಎಷ್ಟೋ ವಿದ್ಯಾರ್ಥಿಗಳು ಅದರ ಗೇಟಿನೊಳಗೆ ಕಾಲಿಟ್ಟಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ, ಗಿಡ್ಡಗೆ ದಪ್ಪಗಿರುವುದು ಡಬ್ಬಿ. ಇವುಗಳ ಜತೆಗೆ ಗುಂಟೂರು ತಳಿಯೂ ಚೀಲಗಟ್ಟಲೆ ಬರುತ್ತದೆ. ಹಾವೇರಿ ಜಿಲ್ಲೆಯದಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯಿಂದಲೂ ಲಾರಿಗಳು ಬರುತ್ತವೆ. ಸೋಮವಾರ ಮತ್ತು ಗುರುವಾರ ವ್ಯಾಪಾರ. ರೈತನ ಮಾಲು ಲಾಟ್ ಆಗಿ ಅಂಗಡಿಯ ಮುಂದೆ ಬೀಳುತ್ತದೆ, ಅದಕ್ಕೊಂದು ನಂಬರ್. ಖರೀದಿದಾರರು ಲಾಟಿನಿಂದ ಲಾಟಿಗೆ ನಡೆಯುತ್ತ ಒಂದು ಮುಷ್ಟಿ ಹಿಡಿದು ನೋಡುತ್ತಾರೆ, ಆಮೇಲೆ ಕಂಪ್ಯೂಟರಿನಲ್ಲಿ ದರ ಹಾಕುತ್ತಾರೆ. ಯಾರು ಎಷ್ಟು ಹಾಕಿದರು ಎಂಬುದು ಟೆಂಡರ್ ತೆರೆಯುವವರೆಗೆ ಗೊತ್ತಾಗುವುದಿಲ್ಲ.

ಆ ಒಂದು ಮುಷ್ಟಿಯಲ್ಲಿ ಏನಿದೆ ಎಂಬುದನ್ನು ಕಲಿಯಲು ನನಗೆ ಇಡೀ ಒಂದು ಸುಗ್ಗಿ ಬೇಕಾಯಿತು. (ಮೊದಲ ತಿಂಗಳು ಘಾಟಿಗೆ ಸೀನುವುದರಲ್ಲೇ ಹೋಯಿತು, ಅದು ಬೇರೆ.) ಹಿಡಿದಾಗ ಗಲಗಲ ಎಂದರೆ ಒಣಗಿದೆ, ಮೆತ್ತಗಿದ್ದರೆ ತೇವವಿದೆ, ತೊಟ್ಟಿನ ಬಳಿ ಬೆಳ್ಳಗಾಗಿದ್ದರೆ ಬಣ್ಣ ಬಿಟ್ಟಿದೆ. ಮಸಾಲೆ ಪುಡಿಯ ಕಂಪನಿಗೆ ಬೇಕಾದದ್ದೇ ಬೇರೆ, ಬಣ್ಣದ ಸತ್ವ ತೆಗೆಯುವ ಓಲಿಯೊರೆಸಿನ್ ಕಾರ್ಖಾನೆಗೆ ಬೇಕಾದದ್ದೇ ಬೇರೆ. ಎರಡನೆಯವರಿಗೆ ಕಾಯಿ ನೋಡಲು ಚೆಂದ ಇರಬೇಕಿಲ್ಲ, ಬಣ್ಣದ ಅಂಶ ಇದ್ದರೆ ಸಾಕು. ಒಂದೇ ಅಂಗಳದ ಎರಡು ಲಾಟ್‌ಗಳ ದರದಲ್ಲಿ ಇಷ್ಟು ಅಂತರ ಯಾಕೆ ಎಂದು ಇದನ್ನು ತಿಳಿದವರಿಗೆ ಮಾತ್ರ ಹೊಳೆಯುತ್ತದೆ. ಮಾರ್ಕೆಟಿಂಗ್ ಪುಸ್ತಕದಲ್ಲಿ ಇದನ್ನು 'ಸೆಗ್ಮೆಂಟೇಶನ್' ಎನ್ನುತ್ತಾರೆ. ಪುಸ್ತಕದ ಉದಾಹರಣೆ ಅಮೆರಿಕದ ಶಾಂಪೂ.

ಇನ್ನೊಂದು ಲೆಕ್ಕ ಕೇಳಿ. ದರ ಒಪ್ಪಿಗೆಯಾಗದಿದ್ದರೆ ರೈತ ಮಾಲು ಕೊಡದೆ ಕೋಲ್ಡ್ ಸ್ಟೋರೇಜಿಗೆ ಹಾಕಬಹುದು. ಹಾಕಬೇಕೋ ಬೇಡವೋ ಎಂದು ಅಂಗಡಿಯಲ್ಲಿ ಕೂತವರನ್ನೇ ಕೇಳುತ್ತಾರೆ. ಕ್ವಿಂಟಲ್‌ಗೆ 20,000 ರೂಪಾಯಿ ದರ ಬಂದಿದೆ ಎಂದುಕೊಳ್ಳೋಣ. ಅವನ ಮೇಲೆ ನೂರಕ್ಕೆ 12ರ ಸಾಲವಿದ್ದರೆ ಆರು ತಿಂಗಳಿಗೆ ಕ್ವಿಂಟಲ್ ಮೇಲೆ 1,200 ರೂಪಾಯಿ ಬಡ್ಡಿಯೇ ಆಯಿತು. ಅದರ ಮೇಲೆ ಸ್ಟೋರೇಜ್ ಬಾಡಿಗೆ, ಎರಡು ಸಲದ ಹಮಾಲಿ, ಸಾಗಾಟ. ದರ ಇಷ್ಟು ಏರಿದರೆ ಮಾತ್ರ ಕಾದದ್ದು ಸಾರ್ಥಕ, ಇಲ್ಲದಿದ್ದರೆ ಕಾದು ಕಳೆದುಕೊಂಡ ಹಾಗೆ. ಈ ಲೆಕ್ಕವನ್ನು ನಾನು ಚೀಟಿಯ ಹಿಂಬದಿಯಲ್ಲಿ ಹಾಕಿ ತೋರಿಸಿದಾಗ ಬಳ್ಳಾರಿ ಕಡೆಯ ಒಬ್ಬ ಹಿರಿಯರು, 'ಲೆಕ್ಕ ಖರೇ ಐತಿ ಯವ್ವಾ, ಆದ್ರ ಮಗಳ ಲಗ್ನ ಮುಂದಿನ ತಿಂಗಳ ಐತಿ' ಎಂದು ಮಾಲು ಕೊಟ್ಟು ಹೋದರು. ತರಗತಿಯಲ್ಲಿ ನಿರ್ಧಾರ ತೆಗೆದುಕೊಳ್ಳುವವನಿಗೆ ಯಾವಾಗಲೂ ಸಮಯ ಇರುತ್ತದೆ. ಪೇಟೆಯಲ್ಲಿ ಅದು ಎಲ್ಲರಿಗೂ ಇರುವುದಿಲ್ಲ.

2024ರ ಮಾರ್ಚ್ 11, ಸೋಮವಾರ, ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ಇಡೀ ರಾಜ್ಯಕ್ಕೆ ಗೊತ್ತು. ಈ ಘಟನೆಯನ್ನು ನಮ್ಮ ತರಗತಿಯಲ್ಲಿ ಒಮ್ಮೆ ಚರ್ಚೆಗೆ ತಂದೆ. 'ಆವಕ ಹೆಚ್ಚಾದರೆ ದರ ಇಳಿಯುವುದು ಸಹಜ' ಎಂದು ಒಬ್ಬ ಗೆಳೆಯ ಎರಡೇ ವಾಕ್ಯದಲ್ಲಿ ಮುಗಿಸಿದ. ಅವನು ಹೇಳಿದ್ದು ತಪ್ಪಲ್ಲ. ಆದರೆ ಇನ್ನೂರು ಮುನ್ನೂರು ಕಿಲೋಮೀಟರ್ ಲಾರಿ ಬಾಡಿಗೆ ಕೊಟ್ಟು ತಂದ ಮಾಲನ್ನು ವಾಪಸ್ ಒಯ್ಯಲಾಗದವನಿಗೆ ಟೆಂಡರಿನ ದರ ಬೇಡ ಎನ್ನುವ ಹಕ್ಕು ಕಾಗದದ ಮೇಲೆ ಮಾತ್ರ ಇರುತ್ತದೆ. ಇದನ್ನು ಒಂದು ಸೋಮವಾರವಾದರೂ ಅಂಗಳದಲ್ಲಿ ನಿಂತವರು ಯಾರೂ ಮರೆಯುವುದಿಲ್ಲ. ನಾಳೆ ನಮ್ಮಲ್ಲಿ ಯಾರೋ ಒಬ್ಬರು ಮಸಾಲೆ ಕಂಪನಿಯ ಖರೀದಿ ವಿಭಾಗದಲ್ಲಿ ಕೂರುತ್ತಾರೆ. ಅವರಿಗೆ ಇದು ಗೊತ್ತಿರಲಿ ಎಂಬುದು ನನ್ನ ಆಸೆ.

ಬ್ಯಾಡಗಿ ಒಂದೇ ಅಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲು ಮಾರ್ಗದ ಊರುಗಳು, ಆದರೆ ಮೂರರ ವ್ಯವಹಾರ ಮೂರು ಬಗೆ. ರಾಣೆಬೆನ್ನೂರು ಬೀಜದ ಊರು. ಸುತ್ತಲಿನ ಹಳ್ಳಿಗಳಲ್ಲಿ ಹತ್ತಿ ಮತ್ತು ತರಕಾರಿಗಳ ಹೈಬ್ರಿಡ್ ಬೀಜ ತಯಾರಾಗುತ್ತದೆ. ಸಂಜೆ ಹೆಣ್ಣು ಸಾಲಿನ ಮೊಗ್ಗುಗಳಿಂದ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗ ಮುಟ್ಟಿಸುವ ಕೆಲಸ. ಹಳ್ಳಿಯ ಭಾಷೆಯಲ್ಲಿ 'ಕ್ರಾಸಿಂಗ್'. ನನ್ನ ಗೆಳತಿಯೊಬ್ಬಳು ಬಿ.ಎಸ್ಸಿ. ಮುಗಿಸಿ ಅಲ್ಲಿನ ಒಂದು ಕಂಪನಿಗೆ ಫೀಲ್ಡ್ ಅಸಿಸ್ಟೆಂಟ್ ಆಗಿ ಸೇರಿದಳು. ಕೊಯ್ಲಾದ ಬೀಜ ಮೊಳಕೆ ಪರೀಕ್ಷೆ, ಶುದ್ಧತೆಯ ಪರೀಕ್ಷೆ ಎರಡರಲ್ಲೂ ಪಾಸಾದರೆ ಮಾತ್ರ ರೈತರಿಗೆ ಪೂರ್ತಿ ಹಣ. ಶುದ್ಧತೆ ತಿಳಿಯಲು ಆ ಬೀಜವನ್ನೇ ಬಿತ್ತಿ ಬೆಳೆದು ನೋಡಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಒಂದು ಮನೆಯ ಲಾಟ್ ಫೇಲಾಯಿತು. ಕಂಪನಿಯಿಂದ ಬಂದ ಮಾತನ್ನು ಆ ಮನೆಯ ತಾಯಿಗೆ ಹೇಳುವ ಕೆಲಸ ಇಪ್ಪತ್ತೆರಡು ವರ್ಷದ ಇವಳ ಪಾಲಿಗೆ ಬಂತು. ಆ ರಾತ್ರಿ ಫೋನಿನಲ್ಲಿ ಅವಳು ಅತ್ತದ್ದು ನನಗೆ ನೆನಪಿದೆ. ಮರು ಹಂಗಾಮಿನಲ್ಲಿ ಅವಳು ತನ್ನ ಪಾಲಿನ ಹೊಲಗಳಲ್ಲಿ ಹೂವಿಗೆ ಮೊದಲೇ ಎರಡು ಸಲ ಹೆಚ್ಚುವರಿ ತಿರುಗಿ ಬೆರಕೆ ಗಿಡಗಳನ್ನು ಕೀಳಿಸಿದಳು. ಯಾರೂ ಹೇಳಿರಲಿಲ್ಲ. ಆಮೇಲೆ ಎಂಬಿಎ ಸಂದರ್ಶನದಲ್ಲಿ 'ಗುಣಮಟ್ಟ ಎಂದರೇನು?' ಎಂದು ಕೇಳಿದಾಗ ಅವಳು ವ್ಯಾಖ್ಯೆ ಹೇಳಲಿಲ್ಲ, ಈ ಹೊಲಗಳ ಕಥೆ ಹೇಳಿದಳು. ಸೀಟು ಸಿಕ್ಕಿತು.

ಹಾಗೆಂದು ಯಾವ ಕೆಲಸ ಮಾಡಿದರೂ ಅನುಭವವೇ ಎಂದು ನಾನು ಹೇಳುವುದಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಪದವೀಧರ ಹುಡುಗರಿಗೆ ಮೊದಲು ಸಿಗುವ ಕೆಲಸ ಮೈಕ್ರೊಫೈನಾನ್ಸ್ ಕಂಪನಿಯ ಫೀಲ್ಡ್ ಆಫೀಸರ್ ಹುದ್ದೆ. ಬೈಕ್ ಇದ್ದರೆ ಸಾಕು. ವಾರದ ಕಂತು ವಸೂಲಿ ಮಾಡಬೇಕು, ಬಾಕಿಯಾದರೆ ಮನೆ ಮುಂದೆ ಕೂರಬೇಕು. ಈ ಕಿರುಕುಳ ಎಲ್ಲಿಗೆ ಹೋಗಿ ಮುಟ್ಟಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಕೆಲಸದಲ್ಲಿ ಆರು ತಿಂಗಳಿದ್ದು ಬಿಟ್ಟು ಬಂದ ಹಾವೇರಿಯ ಒಬ್ಬ ಗೆಳೆಯನಿಗೆ ಸಾಲದ ಬಗ್ಗೆ ನಮ್ಮ ಪ್ರಾಧ್ಯಾಪಕರಿಗಿಂತ ಹೆಚ್ಚು ಗೊತ್ತು. ಒಂದೇ ಮನೆಗೆ ನಾಲ್ಕು ಕಂಪನಿ ಸಾಲ ಕೊಟ್ಟರೆ ಏನಾಗುತ್ತದೆ ಎಂದು ಅವನು ಬೆರಳೆಣಿಸಿ ಹೇಳಬಲ್ಲ. ಆದರೆ ಅದೇ ಕೆಲಸದಲ್ಲಿ ಎರಡು ವರ್ಷ ಇದ್ದ ಇನ್ನೊಬ್ಬ, 'ಟಾರ್ಗೆಟ್ ಮುಟ್ಟಿಸಿದೆ' ಎಂಬುದನ್ನು ಬಿಟ್ಟರೆ ಬೇರೇನೂ ಹೇಳಲಾರ. ಕಣ್ಣು ಬಿಟ್ಟು ನೋಡಿದ್ದರ ಲೆಕ್ಕ ತಿಂಗಳುಗಳಲ್ಲಿ ಸಿಗುವುದಿಲ್ಲ, ಅರ್ಜಿ ನಮೂನೆಯಲ್ಲಿ ಕೇಳುವುದು ಮಾತ್ರ ತಿಂಗಳುಗಳನ್ನು.

'ವಿಜಯ ಸಂಕೇಶ್ವರ ಅವರು ಎಂಬಿಎ ಮಾಡಿದ್ರೇನು? 1976ರಾಗ ಒಂದ ಲಾರಿಲೆ ಸುರು ಮಾಡಿದ್ರು' ಎಂದು ನಮ್ಮ ಕಡೆ ಎಲ್ಲ ಕಟ್ಟೆಯ ಮೇಲೂ ಒಬ್ಬರಾದರೂ ಹೇಳುತ್ತಾರೆ. ಕೆಲಸ ಕಲಿತ ಮೇಲೆ ಎಂಬಿಎ ಯಾಕೆ ಎಂಬುದು ಅವರ ವಾದ. ಒಂದು ಸಂಗತಿ ಅವರು ಬಿಡುತ್ತಾರೆ. ಸಂಕೇಶ್ವರರ ಮನೆಯಲ್ಲಿ ಮೊದಲೇ ಗದಗಿನಲ್ಲಿ ಮುದ್ರಣ ಮತ್ತು ಪ್ರಕಾಶನದ ವ್ಯವಹಾರವಿತ್ತು. ಊಟದ ಹೊತ್ತಿನಲ್ಲೇ ಬಾಕಿ, ಜಮೆ, ಕಾಗದದ ದರ ಎಂಬ ಮಾತು ಕೇಳಿ ಬೆಳೆದವರಿಗೂ, ಹೊಲದಿಂದ ಅಥವಾ ಕೂಲಿಯಿಂದ ಬಂದ ಮನೆಯ ಮಕ್ಕಳಿಗೂ ವ್ಯತ್ಯಾಸವಿದೆ. ನಮ್ಮ ಮನೆಯಲ್ಲಿ ಕೇಳಿದ್ದು ಮಳೆ ಮತ್ತು ಸೊಸೈಟಿ ಸಾಲದ ಮಾತು. ವ್ಯಾಪಾರದ ಮನೆಯಲ್ಲಿ ಹುಟ್ಟದವರು ಬೇರೆಯವರ ಅಂಗಡಿಯಲ್ಲಿ ನಿಂತೇ ಅದನ್ನು ಕಲಿಯಬೇಕು. ಹಾಗೆ ಕಲಿತದ್ದಕ್ಕೆ ಹೆಸರು, ಕ್ರಮ, ಇನ್ನೂ ದೊಡ್ಡ ಲೆಕ್ಕ ಕೊಡುವುದಕ್ಕೆ ಎಂಬಿಎ ಉಪಯೋಗಕ್ಕೆ ಬರುತ್ತದೆ. ಎರಡೂ ಬೇಕು, ಆದರೆ ಅಂಗಡಿ ಮೊದಲು.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ನನ್ನ ಎರಡು ವರ್ಷಕ್ಕೆ ಕಾಗದವೇ ಇರಲಿಲ್ಲ. ಸಂಬಳ ಕೈಯಲ್ಲಿ, ಪಿಎಫ್ ಇಲ್ಲ, ನೇಮಕಾತಿ ಪತ್ರ ಎಂಬ ಪದವನ್ನೇ ಯಾರೂ ಕೇಳಿರಲಿಲ್ಲ. ಕೆಲಸ ಬಿಡುವ ಆರು ತಿಂಗಳು ಮೊದಲು ನಾನು ಸಂಬಳವನ್ನು ಬ್ಯಾಂಕ್ ಖಾತೆಗೆ ಹಾಕಿ ಎಂದು ಕೇಳಿದೆ. ಸಾಹುಕಾರರು ನನ್ನನ್ನು ಅನುಮಾನದಿಂದ ನೋಡಿದರು. ಆಮೇಲೆ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಏನೇನು ಕೆಲಸ ಮಾಡಿದೆ ಎಂದು ಬರೆಸಿಕೊಳ್ಳಲು ಇನ್ನೆರಡು ತಿಂಗಳು ಬೇಕಾಯಿತು. ಅವರು ಕೆಟ್ಟವರಲ್ಲ. ಎಪಿಎಂಸಿ ಲೈಸೆನ್ಸು, ಜಿಎಸ್‌ಟಿ ಎಲ್ಲ ಇರುವ ಅಂಗಡಿ. ಆದರೆ ನೌಕರರ ಹೆಸರು ಮಾತ್ರ ಯಾವ ಕಾಗದದಲ್ಲೂ ಬರುವುದಿಲ್ಲ. ಬೆಂಗಳೂರಿನ ಐಟಿ ಕಂಪನಿಯಲ್ಲಿ ಎರಡು ವರ್ಷ ಕೂತವನಿಗೆ ಈ ಕಷ್ಟವಿಲ್ಲ. ಅವನ ಮೊದಲ ದಿನದಿಂದ ಕೊನೆಯ ದಿನದವರೆಗೆ ಎಲ್ಲವೂ ಇಮೇಲಿನಲ್ಲಿದೆ. ಅನುಭವಕ್ಕೆ ಅಂಕ ಎಂದು ದೊಡ್ಡ ಸಂಸ್ಥೆಗಳು ಹೇಳುವಾಗ ಅವು ಎಣಿಸುವುದು ಕಾಗದ ಇರುವ ಅನುಭವವನ್ನು. ಬ್ಯಾಡಗಿ, ರಾಣೆಬೆನ್ನೂರಿನಂಥ ಊರಿನವರು ಅಲ್ಲೇ ಹಿಂದೆ ಬೀಳುತ್ತಾರೆ.

ಇದರಲ್ಲಿ ನಮ್ಮವರ ಪಾಲೂ ಇದೆ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕರೆ ನಿಲ್ಲುತ್ತದೆ. 'ಲೆಟರ್ ಬ್ಯಾಡ್ರೀ, ಪಿಎಫ್ ಬ್ಯಾಡ್ರೀ, ಯುವನಿಧಿ ನಿಂತು ಹೊಕ್ಕೈತಿ' ಎಂದು ತಾವೇ ಹೇಳುವ ಹುಡುಗರನ್ನು ನೋಡಿದ್ದೇನೆ. ಮಾಲೀಕರಿಗೂ ಅದೇ ಬೇಕು. ಮೂರು ಸಾವಿರದ ಆಸೆಗೆ ಎರಡು ವರ್ಷದ ದುಡಿಮೆ ಲೆಕ್ಕಕ್ಕಿಲ್ಲದೆ ಹೋಗುತ್ತದೆ. ಮನೆಯಲ್ಲಿ ಆ ಮೂರು ಸಾವಿರಕ್ಕೂ ಕಾಯುವವರು ಇರುತ್ತಾರೆ ಎಂಬುದು ನನಗೆ ಗೊತ್ತು. ಆದರೂ ಇದು ಸರ್ಕಾರಕ್ಕೆ ಸುಳ್ಳು ಹೇಳಿ, ಕೊನೆಗೆ ನಮಗೆ ನಾವೇ ನಷ್ಟ ಮಾಡಿಕೊಳ್ಳುವ ವ್ಯವಹಾರ.

ಹುಡುಗಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ಹುಡುಗನೊಬ್ಬ ಎರಡು ವರ್ಷ ಕೆಲಸ ಮಾಡಿ ಆಮೇಲೆ ಓದುತ್ತೇನೆ ಎಂದರೆ ಮನೆಯಲ್ಲಿ ಸಂತೋಷಪಡುತ್ತಾರೆ. ಹುಡುಗಿ ಹಾಗೆಂದರೆ ಆ ಎರಡು ವರ್ಷದಲ್ಲಿ ವರ ನೋಡುತ್ತಾರೆ. ಓದುತ್ತಿದ್ದಾಳೆ ಎಂಬುದು ಸಂಬಂಧಿಕರ ಬಾಯಿ ಮುಚ್ಚಿಸುವ ಉತ್ತರ. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ ಎಂಬುದು ಅಲ್ಲ. ನನ್ನ ಜತೆ ಬಿ.ಕಾಂ. ಮುಗಿಸಿದ ಐವರು ಗೆಳತಿಯರು ಡಿಗ್ರಿ ಆದ ಕೂಡಲೇ ಸಿಕ್ಕ ಕಾಲೇಜಿನಲ್ಲಿ ಎಂಬಿಎ ಸೇರಿದ್ದು ಓದಿನ ಮೇಲಿನ ಆಸೆಗಷ್ಟೇ ಅಲ್ಲ, ಲಗ್ನ ಎರಡು ವರ್ಷ ಮುಂದೆ ಹೋಗಲಿ ಎಂದು. ಅವರಿಗೆ 'ಮೊದಲು ಅನುಭವ ಪಡೆಯಿರಿ' ಎಂದು ಉಪದೇಶ ಮಾಡುವ ಧೈರ್ಯ ನನಗಿಲ್ಲ. ನನ್ನ ಮನೆಯಲ್ಲಿ ಅವ್ವ ಗಟ್ಟಿ ನಿಂತಳು, ಎಲ್ಲರ ಮನೆಯಲ್ಲೂ ಅವ್ವನಿಗೆ ಆ ಮಾತು ನಡೆಯುವುದಿಲ್ಲ.

ಆದ್ದರಿಂದಲೇ ನನಗೆ ಅನುಭವಕ್ಕೆ ಇಷ್ಟು ಅಂಕ ಎಂದು ಪಿಜಿಸಿಇಟಿಯಲ್ಲಿ ಸೇರಿಸಿಬಿಡಿ ಎಂಬ ಬೇಡಿಕೆ ಸರಿ ಕಾಣುವುದಿಲ್ಲ. ಮರುದಿನದಿಂದಲೇ ಸುಳ್ಳು ಅನುಭವ ಪತ್ರಗಳ ವ್ಯಾಪಾರ ಶುರುವಾಗುತ್ತದೆ. ಮಾವನ ಅಂಗಡಿಯ ಸೀಲು ಇದ್ದವರು ಗೆಲ್ಲುತ್ತಾರೆ. ಇದಕ್ಕಿಂತ ಒಳ್ಳೆಯ ದಾರಿ ಬೇರೆ ಕಡೆ ಈಗಾಗಲೇ ಇದೆ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ 'ಟೂ ಪ್ಲಸ್ ಟೂ' ಎಂಬ ವ್ಯವಸ್ಥೆಯಿದೆ. ಕಾಲೇಜಿನ ಕೊನೆಯ ವರ್ಷದಲ್ಲೇ ಅರ್ಜಿ, ಆಯ್ಕೆಯಾದರೆ ಸೀಟು ಕಾದಿರಿಸುತ್ತಾರೆ, ಕನಿಷ್ಠ ಎರಡು ವರ್ಷ ಕೆಲಸ ಮಾಡಿಯೇ ಬರಬೇಕು. ಐಎಸ್‌ಬಿ ಕೂಡ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಮೊದಲೇ ಆರಿಸಿಕೊಂಡು, ದುಡಿದು ಬನ್ನಿ ಎಂದು ಕಳಿಸುವ ಒಂದು ಕಾರ್ಯಕ್ರಮ ನಡೆಸುತ್ತದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಎಂಬಿಎ ವಿಭಾಗಗಳಲ್ಲಿ ಹತ್ತು ಸೀಟಿಗೆ ಮಾತ್ರ ಇದನ್ನು ಮಾಡಿ ನೋಡಬಹುದು. ರ್‍ಯಾಂಕ್ ಬಂದ ವರ್ಷವೇ ಸೀಟು ಖಾತ್ರಿ, ಎರಡು ವರ್ಷದ ನಂತರ ಪ್ರವೇಶ. ನಡುವೆ ಜಿಲ್ಲೆಯೊಳಗೆ ಎಲ್ಲಾದರೂ ಕೆಲಸ, ಆರು ತಿಂಗಳಿಗೊಮ್ಮೆ ವಿಭಾಗಕ್ಕೆ ಒಂದು ವರದಿ. ವರದಿ ಬರೆಯಬೇಕಾದಾಗ ಸುಳ್ಳು ಪತ್ರ ತಂದವನು ಎರಡನೇ ಪುಟದಲ್ಲೇ ಸಿಕ್ಕಿಬೀಳುತ್ತಾನೆ. ಮಾಲೀಕರೂ ವಿಶ್ವವಿದ್ಯಾಲಯದ ಪತ್ರ ಬಂದರೆ ತಮ್ಮದೊಂದು ಪತ್ರ ಕೊಡಲು ಹಿಂಜರಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, 'ನಮ್ಮ ಹುಡುಗೀದು ಎಂಬಿಎ ಸೀಟ್ ಆಗೇತಿ, ಟ್ರೇನಿಂಗ್ ನಡದೈತಿ' ಎಂದು ಅವ್ವಂದಿರು ಸಂಬಂಧಿಕರಿಗೆ ಹೇಳಬಹುದು. ಇದಕ್ಕೆ ಸರ್ಕಾರದ ಮೇಲೆ ಹೆಚ್ಚಿನ ಖರ್ಚೂ ಬೀಳುವುದಿಲ್ಲ.

ದುಡಿಯಲು ಶುರು ಮಾಡಿದ ಮೇಲೆ ಯಾರು ಮತ್ತೆ ಓದುತ್ತಾರೆ ಎಂದು ಕೇಳುತ್ತಾರೆ. ಕೆಲವರು ಓದುವುದಿಲ್ಲ, ಸರಿ. ನಮ್ಮ ಅಂಗಡಿಯಲ್ಲೇ ನನ್ನ ಜತೆ ಸೇರಿದ ಹುಡುಗನೊಬ್ಬ ಕ್ಯಾಟ್ ಪುಸ್ತಕ ಮಾರಿ ಈಗ ಸ್ವಂತ ವ್ಯಾಪಾರ ಮಾಡುತ್ತಿದ್ದಾನೆ, ಆರಾಮಾಗಿದ್ದಾನೆ. ಎರಡು ವರ್ಷ ಫೀಸು ಕಟ್ಟಿದ ಮೇಲೆ ಇದು ತನಗಲ್ಲ ಎಂದು ತಿಳಿಯುವುದಕ್ಕಿಂತ, ಕೆಲವು ಐಐಎಂಗಳಲ್ಲಾದರೆ ಆ ಫೀಸು 20 ಲಕ್ಷ ದಾಟುತ್ತದೆ, ಸಂಬಳ ಎಣಿಸುತ್ತ ತಿಳಿದದ್ದು ಅಗ್ಗವೇ ಆಯಿತು.

ಕೊನೆಯದಾಗಿ, ಈ ವರ್ಷ ಡಿಗ್ರಿ ಮುಗಿಸಿ ಏನು ಮಾಡಲಿ ಎಂದು ಕೂತವರಿಗೆ ಒಂದು ಮಾಹಿತಿ. ಬ್ಯಾಡಗಿಯಲ್ಲಿ ಹೊಸ ಮಾಲು ಜನವರಿಯಿಂದ ಜೋರಾಗುತ್ತದೆ. ಡಿಸೆಂಬರಿನಲ್ಲೇ ಅಂಗಡಿಗಳು ಲೆಕ್ಕ ಬರೆಯುವವರನ್ನು ಹುಡುಕತೊಡಗುತ್ತವೆ. ಟ್ಯಾಲಿ ಬಂದರೆ ಸಾಕು, ಉಳಿದದ್ದು ಅವರೇ ಕಲಿಸುತ್ತಾರೆ. ಸಂಬಳ ಖಾತೆಗೆ ಹಾಕಬೇಕು, ಸೇರಿದ ತಾರೀಕಿನ ಪತ್ರ ಬೇಕು ಎಂಬ ಎರಡು ಮಾತನ್ನು ಮೊದಲ ದಿನವೇ ಹೇಳಿ. ಸೋಮವಾರ, ಗುರುವಾರ ಮಾತ್ರ ಕೇಳಲು ಹೋಗಬೇಡಿ, ವ್ಯಾಪಾರದ ದಿನ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಮಂಗಳವಾರ ಹನ್ನೊಂದರ ಮೇಲೆ ಹೋಗಿ. ಕರವಸ್ತ್ರ ಮರೆಯದೆ ಒಯ್ಯಿರಿ.